ಲುಲುರ್ ಹಚ್ಚಿದ ಕೈ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಸ್ಕೋಕಿ ಎಂಬ ಅಮೆರಿಕನ್ ಊರಿನ ಒಂದು ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದೆ. ಗಾಜಿನ ಪಾತ್ರೆಗಳನ್ನು ಅಸಿಟೋನಿನಲ್ಲಿ ತೊಳೆದೂ ತೊಳೆದೂ, ಮೇಲೆ ಅಲ್ಲಿಯ ಚಳಿಯೂ ಸೇರಿ, ನನ್ನ ಬೆರಳುಗಳೆಲ್ಲ ಒಡೆದು ಹೋಗಿದ್ದವು. ಹುಣಿಸೆಹಣ್ಣು ಕಿವುಚಿದರೆ ಪ್ರಾಣ ಹೋದಂತಾಗುತ್ತಿತ್ತು.

ನಮ್ಮ ಕೆಳಗಿನ ಮನೆಯಲ್ಲಿ ಜಾವಾ ದ್ವೀಪದಿಂದ ಬಂದ ಒಬ್ಬ ನರ್ಸ್ ಇದ್ದಳು. ಲಾಂಡ್ರಿ ರೂಮಿನಲ್ಲಿ ನನ್ನ ಕೈ ನೋಡಿದವಳೇ ಮನೆಗೆ ಎಳೆದುಕೊಂಡು ಹೋದಳು. ಅಕ್ಕಿಹಿಟ್ಟು, ಅರಿಸಿನ, ಅವಳ ಊರಿಂದ ಬಂದ ಒಂದು ಒಣ ಬೇರಿನ ಪುಡಿ, ಎಲ್ಲವನ್ನೂ ಎಣ್ಣೆಯಲ್ಲಿ ಕಲಸಿ ಹಚ್ಚಿದಳು. ಅವರಲ್ಲಿ ಅದಕ್ಕೆ ಲುಲುರ್ ಅನ್ನುತ್ತಾರಂತೆ, ಮದುಮಗಳಿಗೂ ಹಚ್ಚುತ್ತಾರಂತೆ. ಬೇರನ್ನು ಮೂಸಿ ನೋಡಿದೆ. ನಮ್ಮಜ್ಜಿ ಸೀಗೆಪುಡಿಗೆ ಬೆರೆಸುತ್ತಿದ್ದ ಕಚ್ಚೂರದ್ದೇ ವಾಸನೆ!

ಸೋಮವಾರ ಬೆಳಿಗ್ಗೆಯೂ ಹಳದಿ ಹೋಗಿರಲಿಲ್ಲ.

"ಹೀಗೇ ಡ್ಯೂಟಿಗೆ ಹೋಗ್ತೀಯಾ? ಜನ ಏನಂದ್ಕೋತಾರೆ?" ಎಂದರು ನನ್ನ ಗಂಡ.

"ಅಂದ್ಕೊಳ್ಳಲಿ ಬಿಡಿ. ಒಡೆದಿರೋದು ನನ್ನ ಕೈ, ಅವರದಲ್ಲ."

ಲ್ಯಾಬಿನ ಮುಖ್ಯಸ್ಥ ಎಲ್ಲರೆದುರೇ ನಕ್ಕ. "ಕೆಮಿಸ್ಟ್ ಆಗಿ ಕೈಗೆ ಮಣ್ಣು ಮೆತ್ಕೊಂಡು ಬಂದಿದೀಯಲ್ಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ನರ್ಸನ್ನು ಕೇಳಿ ಲೇಪದ ಅರಿಸಿನವನ್ನೂ ಬೇರನ್ನೂ ಬೇರೆಬೇರೆಯಾಗಿ ತಂದೆ. ಊಟದ ಬಿಡುವಿನಲ್ಲಿ ಎರಡನ್ನೂ ಮೆಥನಾಲಿನಲ್ಲಿ ನೆನೆಸಿ, ಸಿಲಿಕಾ ಬಳಿದ ಗಾಜಿನ ಹಲಗೆಯ ಮೇಲೆ ಒಂದೊಂದು ಹನಿ ಇಟ್ಟು, ದ್ರಾವಕದಲ್ಲಿ ನಿಲ್ಲಿಸಿದೆ. ದ್ರಾವಕ ಮೇಲೇರಿದಂತೆ ಅರಿಸಿನ ಒಡೆದು ಮೂರು ಹಳದಿ ಚುಕ್ಕೆಗಳಾಯಿತು: ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್, ಜೊತೆಗೆ ಅದೇ ಜಾತಿಯ ಅದರ ಇಬ್ಬರು ತಂಗಿಯರು. ಬೇರಿನ ಕಡೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದಾಗ, ಹಸಿರಾಗಿ ಹೊಳೆಯುವ ಹಲಗೆಯ ನಡುವೆ ದೊಡ್ಡದೊಂದು ಕಪ್ಪು ಚುಕ್ಕೆ ಎದ್ದು ಬಂತು; ಆ ಬೆಳಕನ್ನು ಹೀರುವ ಒಂದು ವಸ್ತು ಬೇರಿನಲ್ಲಿತ್ತು. ಹಲಗೆಯನ್ನು ಒಯ್ದು ಮುಖ್ಯಸ್ಥನ ಮೇಜಿನ ಮೇಲಿಟ್ಟೆ.

"ಚುಕ್ಕೆ ಕಂಡ ಮಾತ್ರಕ್ಕೆ ಔಷಧ ಆಗಲ್ಲ," ಎಂದ.

"ಆಗಲ್ಲ, ಒಪ್ಪಿದೆ. ಆದರೆ ನೀವು ಮಣ್ಣು ಅಂದ್ರಿ. ಇದು ಮಣ್ಣಲ್ಲ. ಇದರ ಮೇಲೆ ಕೆಲಸ ಮಾಡೋಕೆ ನನಗೆ ಅವಕಾಶ ಕೊಡಿ."

"ಇದು ಅಡುಗೆಮನೆಯಲ್ಲ," ಎಂದು ಹಲಗೆಯನ್ನು ನನ್ನತ್ತ ತಳ್ಳಿದ.

ಕೈಯ ಬಿರುಕುಗಳು ಆ ತಿಂಗಳಲ್ಲೇ ಕೂಡಿಕೊಂಡವು. ಅದು ಲುಲುರ್‌ನಿಂದಲೋ ಆಮೇಲೆ ಹಾಕಿಕೊಳ್ಳತೊಡಗಿದ ಗ್ಲೌಸಿನಿಂದಲೋ, ಕೆಮಿಸ್ಟ್ ಆಗಿ ನಾನು ಆಣೆಯಿಟ್ಟು ಹೇಳಲಾರೆ. ಆದರೆ ಹಚ್ಚುವುದನ್ನು ನಿಲ್ಲಿಸಲಿಲ್ಲ. ಹಳದಿ ಬೆರಳಲ್ಲೇ ಮೀಟಿಂಗುಗಳಿಗೆ ಹೋದೆ, ಮೊದಲ ಸಾಲಿನಲ್ಲೇ ಕೂತೆ.

ಬೇಸಿಗೆಯ ಹೊತ್ತಿಗೆ ಡೆಟ್ರಾಯಿಟ್ ಹತ್ತಿರ, ಗಿಡಮೂಲಿಕೆಗಳ ಮೇಲೆ ಸಂಶೋಧನೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಕಮ್ಮಿ. ಗಂಡನ ಕೆಲಸ ಸ್ಕೋಕಿಯಲ್ಲೇ.

"ಗಂಡನ್ನ ಬಿಟ್ಟು ಹೋಗೋಷ್ಟು ಏನಿದೆಯಮ್ಮಾ ಅಲ್ಲಿ?" ಎಂದು ಕನ್ನಡದ ಆಂಟಿಯೊಬ್ಬರು ಕೇಳಿದರು.

"ಕಚ್ಚೂರ ಇದೆ ಆಂಟಿ," ಎಂದೆ.

ಅವರಿಗೆ ನಗು ಬರಲಿಲ್ಲ. ನನ್ನ ಗಂಡ ಮಾತ್ರ ಜೋರಾಗಿ ನಕ್ಕು, ಕಾರಿನ ಡಿಕ್ಕಿ ತೆಗೆದು ನನ್ನ ಪೆಟ್ಟಿಗೆಗಳನ್ನು ಜೋಡಿಸತೊಡಗಿದರು.