ಗೋಡೆಯಾಚೆಯ ಟೆಂಟು

ನಮ್ಮ ಕೆ.ಆರ್. ಪುರದ ಟೆಂಟ್ ಸಿನಿಮಾದ ಇತಿಹಾಸ ನನಗೆ ಅರ್ಧ ಮಾತ್ರ ಗೊತ್ತು. ಇನ್ನರ್ಧ ಗೋಡೆಯ ಆಚೆ ಇತ್ತು. ಸೊಂಟದೆತ್ತರದ ಮೋಟುಗೋಡೆ, ಈಚೆ ಗಂಡಸರು, ಆಚೆ ಹೆಂಗಸರು. ನಾವು ಈಚೆಯವರು ಬೀಡಿ ಸೇದಿ, ಶಿಳ್ಳೆ ಹೊಡೆದು, ಅಷ್ಟನ್ನೇ ಚರಿತ್ರೆ ಎಂದುಕೊಂಡಿದ್ದೆವು. ಆಚೆಯಿಂದ ಹುರಿಗಡಲೆಯ ವಾಸನೆ, ಕೂಸಿನ ಅಳು, ಖಳನಾಯಕನಿಗೆ ಹಾಕುವ ಶಾಪ ತೇಲಿಬರುತ್ತಿದ್ದವು. ಉಳಿದದ್ದೆಲ್ಲ, ಶಾಸನ ಒಡೆದುಹೋದ ರಾಜವಂಶದ ಹಾಗೆ, ಊಹೆಗೆ ಬಿಟ್ಟದ್ದು.

ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಮದುವೆಯಾಯಿತು. ಸುಜಾತಾ ಶಿವಾಜಿನಗರದವಳು, ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿ. ಬಾಲ್ಕನಿಯ ಮೆತ್ತನೆ ಕುರ್ಚಿಯಲ್ಲಿ ಮೂರು ಭಾಷೆಯ ಚಿತ್ರ ನೋಡಿ ಬೆಳೆದವಳನ್ನು ಮರಳಿನ ಮೇಲೆ ಕೂರಿಸುವುದು ಹೇಗೆಂದು ವಾರವಿಡೀ ಚಿಂತಿಸಿದೆ. ಚಿಂತೆ ನನಗೆ ಹುಟ್ಟಿನಿಂದ ಬಂದದ್ದು. ಕೊನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ಅವಳು ಆಚೆ, ನಾನು ಈಚೆ.

ಅರ್ಧ ಚಿತ್ರದಲ್ಲಿ ಕರೆಂಟ್ ಹೋಯಿತು. ಹೊಸ ಹೆಂಡತಿ, ಹೊಸ ಊರು, ಕತ್ತಲು. ಎದ್ದು ಗೋಡೆ ಹಿಡಿದು "ಸುಜಾತಾ" ಎಂದು ಕೂಗಿಯೇಬಿಟ್ಟೆ. ಇಬ್ಬರು "ಓ" ಎಂದರು. ಎರಡೂ ನನ್ನವಳ ದನಿಯಲ್ಲ. ಮತ್ತೆ ಕೂಗಿದೆ.

"ಓ ಅಂದೋರನ್ನೇ ಕರ್ಕೊಂಡ್ ಹೋಗು ಗುರು," ಎಂದ ಹಿಂದಿನಿಂದ ಯಾರೋ. ಇಡೀ ಟೆಂಟು ನಕ್ಕಿತು.

ಮನೆಗೆ ನಡೆಯುವಾಗ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಅವಳಿಗೆ ಎನಿಸಿತೋ ಏನೋ. ಟೆಂಟು ಮುಚ್ಚಿ, ಕೆಡವಿ, ಆ ಜಾಗದಲ್ಲಿ ಸೂಪರ್ ಮಾರ್ಕೆಟ್ ಎದ್ದರೂ ಆ ಅನುಮಾನವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮೊನ್ನೆ ಅಲ್ಲಿಗೇ ಸಾಮಾನು ತರಲು ಹೋಗಿದ್ದೆವು. ಗೋಡೆ ಅಕ್ಕಿ ಚೀಲಗಳ ಹತ್ತಿರ ಇತ್ತು ಎಂದೆ ನಾನು. ಅಲ್ಲ, ಸೋಪಿನ ಸಾಲಿನ ಹತ್ತಿರ ಎಂದಳು. ಗೋಡೆಯ ಮಾತು ಬಂದದ್ದೇ ಸಮಯವೆಂದು ಕೇಳಿಬಿಟ್ಟೆ: "ಅವತ್ತು ನೀನ್ಯಾಕೆ ಓ ಅನ್ಲಿಲ್ಲ?"

ಅವಳು ಸೋಪು ಮೂಸುತ್ತಲೇ ಹೇಳಿದಳು: "ಅಂದಿದ್ರೆ, ಕೂಗ್ತಿರೋದು ನನ್ನ ಗಂಡ ಅಂತ ಎಲ್ರಿಗೂ ಗೊತ್ತಾಗ್ತಿತ್ತಲ್ಲ."

ಹೆದರಿದ್ದು ನಿಜವೇ ಆಯಿತು. ಮಾತು ತಿರುಗಿಸಲು, ಆಮೇಲೆ ಸಿನಿಮಾ ಹೇಗಿತ್ತು ಎಂದೆ.

"ಸಿನಿಮಾ ಯಾರ್ ನೋಡಿದ್ರು? ಕರೆಂಟ್ ಬಂದ್ರೂ ನೀವು ಗೋಡೆ ಹಿಡ್ಕೊಂಡೇ ನಿಂತಿದ್ರಿ. ನಮ್ಮ ಕಡೆಯೋರೆಲ್ಲ ಎದ್ದು ನಿಮ್ಮನ್ನೇ ನೋಡ್ತಿದ್ರು. ಪಕ್ಕದಲ್ಲಿದ್ದ ಅಜ್ಜಿ, ಅದ್ಯಾವ ಪುಣ್ಯಾತ್ಗಿತ್ತಿ ಗಂಡನೋ ಅಂದ್ರು. ನಾನೂ ಎದ್ದು ಅವರ ಬೆನ್ನ ಹಿಂದಿನಿಂದ ನೋಡ್ದೆ, ಯಾರೋ ಅನ್ನೋ ಹಾಗೆ. ಸ್ವಲ್ಪ ಜಾಸ್ತಿ ಹೊತ್ತೇ ನೋಡ್ದೆ."

ಈಗ ಹೊಸದೊಂದು ಚಿಂತೆ ಹತ್ತಿಕೊಂಡಿದೆ. ಅಂದು ನಾನು ಯಾವ ಅಂಗಿ ತೊಟ್ಟಿದ್ದೆ? ತಲೆಯಾದರೂ ನೆಟ್ಟಗೆ ಬಾಚಿದ್ದೆನೋ ಇಲ್ಲವೋ!