ಉಲಾಳ

ಸೀವುಡ್ಸ್‌ನಲ್ಲಿ ನಮ್ಮ ಮನೆಯ ಲಿಫ್ಟ್ ಕೆಡಬಹುದಿತ್ತು. ಟ್ಯಾಕ್ಸಿಯವನು ಅರ್ಧ ದಾರಿಯಲ್ಲಿ ಕೈ ಕೊಡಬಹುದಿತ್ತು. ಎಂಬತ್ತೆರಡರ ದೊಡ್ಡಮ್ಮನ ಮಂಡಿ ಮ್ಯೂಸಿಯಂ ಮೆಟ್ಟಿಲಲ್ಲೇ ಮುಷ್ಕರ ಹೂಡಬಹುದಿತ್ತು. ಬಿ.ಪಿ. ಮಾತ್ರೆಯನ್ನು ಮೂರು ಕಡೆ ಇಟ್ಟುಕೊಂಡಿದ್ದೆ. ಆ ಮೂರೂ ಜಾಗ ಮರೆತುಹೋಗಬಹುದಿತ್ತು. ಒಂದೂ ಆಗಲಿಲ್ಲ. ಚಿಂತೆ ನನಗೆ ಸಂಬಳವಿಲ್ಲದ, ರಜೆಯೂ ಇಲ್ಲದ ನೌಕರಿ.

ಹಳೆಯ ಗಾಡಿಗಳ ಆ ಮ್ಯೂಸಿಯಂ ಒಳಗೆ ಕಾಲಿಟ್ಟೊಡನೆ ಹಳೆಯ ಚರ್ಮದ, ಎಣ್ಣೆ ಕುಡಿದ ಮರದ ವಾಸನೆ. ಶ್ರೀಮಂತರ ಸಾರೋಟುಗಳನ್ನು ದೊಡ್ಡಮ್ಮ ಕಣ್ಣೆತ್ತಿಯೂ ನೋಡಲಿಲ್ಲ. ಮೂಲೆಯಲ್ಲಿ ಹಗ್ಗದ ಬೇಲಿಯೊಳಗೆ ಒಂದು ಬಡಪಾಯಿ ಟಾಂಗಾ ನಿಂತಿತ್ತು. ಆ ವಾಸನೆಯ ಹಿಂದೆಯೇ ನಾನು ಏಳು ವರ್ಷದವನಾಗಿ ಕಲ್ಯಾಣ ಸ್ಟೇಷನ್ನಿನ ಹೊರಗಿದ್ದೆ. ದೊಡ್ಡಪ್ಪನ ಜೊತೆ ದೊಡ್ಡಮ್ಮ ಊರಿನಿಂದ ಬಂದಿಳಿದ ದಿನ ಅದು. ದಗಡೂಕಾಕಾನ ಟಾಂಗಾದ ಹಿಂದಿನ ಸೀಟಿನಲ್ಲಿ ಅವರು, ತೊಡೆಯ ಮೇಲೆ ನಾನು, ಕಾಲಬುಡದಲ್ಲಿ ಕುಚ್ಚಲಕ್ಕಿ ಮೂಟೆ. ಆಗ ಅವರದು ತುಂಬಿದ ಮೈ. ಹಿಂದೆ ಭಾರ ಹೆಚ್ಚಾಗಿ ಕುದುರೆಯ ಇಕ್ಕೆಲದ ಉದ್ದ ಮರಗಳು, ಆ ಮೂಕಿಗಳು, ಮೇಲೆದ್ದು ಕುದುರೆ ತತ್ತರಿಸಿತು. ದಗಡೂಕಾಕಾ ಕೂಗಿದ: "ಉಲಾಳ! ಉಲಾಳ!" ಗಾಡಿ ಹಿಂದಕ್ಕೆ ವಾಲುವುದಕ್ಕೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ದೊಡ್ಡಮ್ಮನ ಮುಖ ಅರಳಿತು. "ಹೌದು, ಉಳ್ಳಾಲವೇ! ನಿಮ್ಮದು ಯಾವೂರು?"

ಅರ್ಥ ಗೊತ್ತಾದ ಮೇಲೂ ಅವರ ಉತ್ತರ ಬದಲಾಗಲಿಲ್ಲ. ಮುಂದೆ ಸರಿದು ಕೂರಿ ಎಂದು ಅಪ್ಪ ಬೇಡಿಕೊಂಡರೂ ಹಿಂದೆಯೇ ಕೂರುತ್ತಿದ್ದರು. "ಪರವೂರಲ್ಲಿ ನನ್ನೂರಿನ ಹೆಸರು ಕೂಗುವವ ಒಬ್ಬನಾದ್ರೂ ಇರ್ಲಿ ಮಾರಾಯ." ದಗಡೂಕಾಕಾನೂ ಬೇಕೆಂದೇ ಕೂಗುತ್ತಿದ್ದ. ಕಲ್ಯಾಣದ ನಮ್ಮ ಹೋಟೆಲು, ಅದರ ಹಿಂದಿನ ಎರಡು ಕೋಣೆ, ಇಡ್ಲಿಯ ಹಬೆಯಲ್ಲಿ ಒದ್ದೆಯಾಗುತ್ತಿದ್ದ ಗೋಡೆಗಳು, ಎಲ್ಲದರ ಮೇಲೆ ಈಗ ಟವರ್. ಆ ಕೋಣೆಗಳಲ್ಲಿ ಉರುಳಿಕೊಳ್ಳುತ್ತಿದ್ದ ಒಂಬತ್ತು ಜನರಲ್ಲಿ ಉಳಿದದ್ದು ನಾವಿಬ್ಬರೇ. ವಾರದಿಂದ ದೊಡ್ಡಮ್ಮನದು ಒಂದೇ ಹಟ: ಒಮ್ಮೆ ಹಿಂದಿನ ಸೀಟಿನಲ್ಲಿ ಕೂರಬೇಕು, ಆ ಕೂಗು ಕೇಳಬೇಕು.

"ಮುಟ್ಟಬಾರದು ಅಂತ ಬರೆದಿದ್ದಾರೆ," ಎಂದೆ.

"ನಾನು ಮುಟ್ಟುವುದಿಲ್ಲ, ಕೂರುವುದು."

ನನ್ನ ಹೆಗಲು ಹಿಡಿದು, ಹಗ್ಗ ದಾಟಿ, ಹತ್ತಿ ಕೂತೇಬಿಟ್ಟರು. ಕಾದರು. ಮರದ ಆಸರೆಗೆ ಒರಗಿದ್ದ ಮೂಕಿಗಳು ಅಲುಗಲಿಲ್ಲ. ನಲವತ್ತು ಕಿಲೋ ಕೂಡ ಇಲ್ಲ ಈಗ ಅವರು.

"ಗಾಡಿ ಹಾಳಾಗಿದೆ ಮಗಾ," ಎಂದರು ಸಣ್ಣ ದನಿಯಲ್ಲಿ.

ಆ ದನಿ ಕೇಳಿ ನನ್ನೊಳಗಿನ ಅಂಜುಬುರುಕ ಮೊದಲ ಬಾರಿ ರಜೆ ಹಾಕಿದ. ದಂಡ ಹಾಕಲಿ, ಹೊರಗೆ ದಬ್ಬಲಿ! ಇಷ್ಟು ವರ್ಷ ಹೋಟೆಲಿನ ವಡೆ ತಿಂದು ಬೆಳೆಸಿದ ಮೈಯನ್ನು ಹೊತ್ತು ನಾನೂ ಅವರ ಪಕ್ಕ ಕೂತೆ. ಕಿರ್ರೆಂದಿತು. ಮೂಕಿಗಳು ಮೆಲ್ಲಗೆ ಆಕಾಶ ನೋಡಿದವು.

ಕಾವಲಿನ ಹೆಂಗಸು ಓಡಿ ಬಂದಳು. ದೊಡ್ಡಮ್ಮ ಉತ್ತರವನ್ನು ತುಟಿಯ ಮೇಲಿಟ್ಟುಕೊಂಡು ಕಾದರು.

"ಅಹೋ ಕಾಕಾ, ಉತರಾ! ಗಾಡಿ ಪಡೇಲ್!"

ಇಳಿಯಿರಿ, ಗಾಡಿ ಬೀಳುತ್ತೆ. ಅಷ್ಟೇ. ಪಾಪ, ಅವಳಿಗೆ ಉಲಾಳ ಎಂಬ ಆ ಹಳೆಯ ಪದ ಗೊತ್ತಿರಲಿಲ್ಲ. ಇಡೀ ದಿನದಲ್ಲಿ ತಪ್ಪಿದ್ದು ಅದೊಂದೇ.

ದೊಡ್ಡಮ್ಮ ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, ಸಾರೋಟುಗಳಿಗೆಲ್ಲ ಕೇಳುವಂತೆ ಹೇಳಿದರು: "ಉಳ್ಳಾಲ. ನಿಮ್ಮದು ಯಾವೂರು?"