ಮೂರು ಗಾಲಿಯೂ ನನ್ನ ಬಲಗೈಯೂ

ಅಳಿಯನನ್ನು ಆರಿಸಲು ನನಗೆ ಒಂದೂವರೆ ತಾಸು ಸಾಕಾಗಿತ್ತು. ಅದರಲ್ಲಿ ಅರ್ಧ ತಾಸು ಮಂಡಾಳ ಒಗ್ಗರಣೆ, ಮಿರ್ಚಿ ತಿನ್ನುವುದಕ್ಕೆ ಹೋಯಿತು. ಹುಡುಗ ದೇವದುರ್ಗದಲ್ಲಿ ವಿಜ್ಞಾನದ ಮಾಸ್ತರ, ಮಾತು ಕಡಿಮೆ, ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ನೀಟಾಗಿ ಜೋಡಿಸಿದ. ಆಗಬಹುದು ಅಂದೆ. ಅದೇ ಅಳಿಯನ ಮಗಳನ್ನು ಕೂಡಿಸಿ ದೂಡುವ ಮೂರು ಗಾಲಿಯ ಗಾಡಿಯೊಂದನ್ನು ಆರಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಗಾಡಿಯನ್ನು ಆರಿಸುವಾಗ ಬ್ರೇಕು ನೋಡಬೇಕಾಗುತ್ತದೆ. ಅಳಿಯನಲ್ಲಿ ಅದನ್ನು ಯಾರೂ ನೋಡುವುದಿಲ್ಲ.

ಈ ಗಾಡಿ ಬೇಕೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಐದನೇ ತಿಂಗಳಲ್ಲಿ ಕೂಸನ್ನೂ ಬಾಣಂತಿಯನ್ನೂ ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕೊಡಬೇಕು. ಅದರ ಜೊತೆಗೆ ಕುಂಚಿಗೆ, ಕುಲಾವಿ, ಕೌದಿ. ತೊಟ್ಟಿಲು ಹೇಗಿದೆ ಎಂದು ನೋಡುವುದಕ್ಕೇ ಬೀಗರ ಓಣಿಯ ಹೆಂಗಸರು ಕೈಯಲ್ಲಿನ ಕೆಲಸ ಬಿಟ್ಟು ಬರುತ್ತಾರೆ. ಹದಿಮೂರನೇ ದಿನ ಮೊಮ್ಮಗಳಿಗೆ ಹೆಸರಿಟ್ಟಿದ್ದೇ ತಡ, ನನ್ನ ಹೆಂಡತಿ ಈರಮ್ಮ ಬಡಿಗೇರರ ಮನೆಗೆ ನಾಲ್ಕು ಸಲ ಓಡಾಡಿ, ಸಾಗವಾನಿ ತೊಟ್ಟಿಲಿಗೆ ಎರಡು ಗಿಳಿ ಕೆತ್ತಿಸಿ, ಒಂದು ಗಿಳಿಯ ಮೂಗು ಸರಿಯಿಲ್ಲವೆಂದು ತಿದ್ದಿಸಿಯೂ ಆಗಿತ್ತು.

ಹೀಗಿರುವಾಗ ನಾನು ಮೂರು ಗಾಲಿಯ ಗಾಡಿ ತರುತ್ತೇನೆ ಅಂದೆ. ಅಂಗಡಿಯವರು ಅದನ್ನು ಸ್ಟ್ರಾಲರ್ ಎನ್ನುತ್ತಾರೆ. ಈರಮ್ಮ ಹೆಸರಿನ ಗೋಜಿಗೆ ಹೋಗಲಿಲ್ಲ.

"ತೊಟ್ಲಾ ಅದ, ಜೋಳಿಗಿ ಅದ, ನಮ್ಮ ಕಂಕುಳ ಅದ. ಮತ್ಯಾಕ್ರಿ ಗಾಡಿ?" ಅಂದಳು.

"ಸುಧಾನ ಬೆನ್ನು," ಅಂದೆ. ಸುಧಾ ನನ್ನ ಮಗಳು.

"ನನ್ನ ಬೆನ್ನಿಗೇನಾಗ್ಯದ?" ಎಂದು ಸುಧಾ ಒಳಗಿನಿಂದ ಕೇಳಿದಳು. ಬೆನ್ನಿಗೆ ಏನೂ ಆಗಿರಲಿಲ್ಲವಾದ್ದರಿಂದ ನಾನು ಪೇಪರು ಬಿಡಿಸಿಕೊಂಡೆ.

ಆಗಿದ್ದೆಲ್ಲ ನನ್ನ ಬಲಗೈಗೆ. ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿ ಮಾನ್ವಿಯ ನೆಲ್ಲಿನ ಗದ್ದೆಗಳನ್ನೂ ದೇವದುರ್ಗದ ಎರೆಹೊಲಗಳನ್ನೂ ಅಳೆದು, ಅಣ್ಣತಮ್ಮಂದಿರ ನಡುವೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನಕ್ಷೆಯ ಮೇಲೆ ಗೆರೆ ಎಳೆದ ಕೈ ಇದು. ನಿವೃತ್ತಿಯಾದ ಎರಡನೇ ವರ್ಷಕ್ಕೆ ನಡುಗತೊಡಗಿತು. ಪಿಂಚಣಿಗಾಗಿ, ನಾನು ಬದುಕಿದ್ದೇನೆ ಎಂದು ಬರೆದುಕೊಡುವ ಕಾಗದದ ಮೇಲೆ ಮಾಡಿದ ಸಹಿ ಆ ವಿಷಯದಲ್ಲೇ ಅನುಮಾನ ಬರುವ ಹಾಗಿತ್ತು. ಡಾಕ್ಟರು ನೋಡಿ, ಇದು ವಯಸ್ಸಿನ ನಡುಕ, ಜೀವಕ್ಕೇನೂ ಅಪಾಯವಿಲ್ಲ ಅಂದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೈಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದನ್ನು ಕಲಿತೆ. ಅದೇ ಸುಮಾರಿಗೆ ಈರಮ್ಮ ನನಗೆ ಚಹಾ ಅರ್ಧ ಲೋಟ ಕೊಡಲು ಶುರು ಮಾಡಿದಳು. ಹಾಲು ಕಡಿಮೆ ಬಂದಿರಬೇಕು ಎಂದುಕೊಂಡೆ.

ಹೊಲ ಅಳೆಯುವುದನ್ನು ಬಿಟ್ಟ ಮೇಲೆ ಕೈ ನಡುಗಿದರೆ ನಷ್ಟವೇನಿಲ್ಲ. ಆದರೆ ಕೂಸು ಹುಟ್ಟಿತು. ಹೆಸರಿಡುವ ದಿನ ಬೀಗತಿ ಅದನ್ನು ನನ್ನತ್ತ ಚಾಚಿ, "ಹಿಡೀರಿ ಬೀಗರ, ಮೊಮ್ಮಗಳನ್ನ," ಅಂದರು. ನಾನು ಬಾರದ ಫೋನನ್ನು ಕಿವಿಗಿಟ್ಟುಕೊಂಡು, "ಹಲೋ, ಕೇಳವಲ್ದು," ಎನ್ನುತ್ತಾ ಅಂಗಳಕ್ಕೆ ಹೋದೆ. ಅಲ್ಲಿ ಒಬ್ಬನೇ ನಿಂತು ಐದು ನಿಮಿಷ ಮಾತಾಡಿದೆ. ಅಷ್ಟು ಹೊತ್ತು ನನ್ನ ಮಾತನ್ನು ಯಾರೂ ಅಡ್ಡ ಬಾಯಿ ಹಾಕದೆ ಕೇಳಿ ಬಹಳ ದಿನವಾಗಿತ್ತು.

ಅವತ್ತಿನಿಂದ ಮೂರೂವರೆ ತಿಂಗಳು ನಾನು ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ನೆಗಡಿ ಅಂದೆ, ಹೊರಗಿನಿಂದ ಬಂದ ಕೈ ಅಂದೆ, ಎಳೇ ಕೂಸಿಗೆ ಗಂಡಸರ ಕೈ ಬಿರುಸಾಗುತ್ತದೆ ಅಂದೆ. ನಿಜ ಹೇಳಬೇಕೆಂದರೆ ಭಯ. ನನ್ನ ಕೈಯಿಂದ ಚಹಾದ ಲೋಟ ಜಾರಿದ್ದು ನನಗೆ ಗೊತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಕೂಸು ದೇವದುರ್ಗಕ್ಕೆ ಹೋಗುತ್ತದೆ. ಅಷ್ಟರೊಳಗೆ ಒಂದೇ ಒಂದು ಸಲ, ನಾನೊಬ್ಬನೇ, ಅದನ್ನು ನಮ್ಮ ಓಣಿಯ ಕೊನೆಯ ಬೇವಿನ ಗಿಡದ ತನಕ ಕರೆದುಕೊಂಡು ಹೋಗಿ ಬರಬೇಕೆಂಬ ಆಸೆ. ಗಾಡಿ ಬೇಕಾಗಿದ್ದು ಇದಕ್ಕೆ.

ಮೂರೇ ಗಾಲಿ ಯಾಕೆ ಎಂದು ನೀವು ಕೇಳಬಹುದು. ಯಾರೂ ಕೇಳದಿದ್ದರೂ ನಾನು ಹೇಳುವವನೇ. ಸರ್ವೇ ಯಂತ್ರವನ್ನು ನಿಲ್ಲಿಸುವ ಸ್ಟ್ಯಾಂಡಿಗೆ ಮೂರೇ ಕಾಲು. ಗದ್ದೆಯ ಬದುವಿರಲಿ, ಕಲ್ಲು ದಿಬ್ಬವಿರಲಿ, ಮೂರು ಕಾಲಿನದು ಕುಂಟುವುದಿಲ್ಲ. ನಾಲ್ಕು ಕಾಲು ಬಂದವೋ, ಅದರಲ್ಲೊಂದು ಉಳಿದ ಮೂರರ ಮೇಲೆ ಭಾರ ಹಾಕಿ ತಾನು ಗಾಳಿಯಲ್ಲಿ ಆರಾಮಾಗಿ ಇದ್ದುಬಿಡುತ್ತದೆ. ಕಚೇರಿಯಲ್ಲಿ ನಾನು ಕೂರುತ್ತಿದ್ದ ಕುರ್ಚಿಯ ನಾಲ್ಕನೇ ಕಾಲಿನಡಿ ಕಾಗದ ಮಡಿಸಿ ಇಟ್ಟಿದ್ದೆ. ಅದು ಅಲ್ಲಿರುವಾಗಲೇ ನಿವೃತ್ತನಾದೆ. ನಮ್ಮವ್ವ ಮೂರು ಗುಂಡಿನ ಒಲೆಯ ಮೇಲೆ ಹನ್ನೆರಡು ಜನಕ್ಕೆ ರೊಟ್ಟಿ ಬೇಯಿಸಿದಳು, ನಾಲ್ಕನೇ ಗುಂಡು ತಾ ಎಂದು ಒಂದು ದಿನವೂ ಅನ್ನಲಿಲ್ಲ. ವಿಭೂತಿಗೆ ಮೂರು ಬೆರಳು ಸಾಕು. ಶಿವನೂ ಮೂರನೇ ಕಣ್ಣಿಗೆ ನಿಲ್ಲಿಸಿದ್ದಾನೆ.

ಹೀಗೆ ಶಾಸ್ತ್ರ ನನ್ನ ಕಡೆಗಿತ್ತು. ಅನುಭವವನ್ನು ಕೇಳೋಣವೆಂದು ಪಕ್ಕದ ಮನೆಯ ಮಹಬೂಬನಲ್ಲಿಗೆ ಹೋದೆ. ಇಪ್ಪತ್ತು ವರ್ಷದಿಂದ ಆಟೋ ಓಡಿಸುವವನು. ರಾಯಚೂರಿನಲ್ಲಿ ಮೂರು ಗಾಲಿಯ ಬಗ್ಗೆ ಅವನಿಗಿಂತ ಹೆಚ್ಚು ತಿಳಿದವರು ನನಗೆ ಗೊತ್ತಿಲ್ಲ. ಅವನು ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡ.

"ಸೀದಾ ದಾರ್ಯಾಗ ಮೂರು ಗಾಲಿ ಬಂಗಾರ ಸಾಹೇಬ್ರ. ತಿರುವಿನ್ಯಾಗ ಮಾತ್ರ ಹುಷಾರಿರಬೇಕು. ನೀವು ಕೂಸಿನ ಗಾಡೀನ ಎಷ್ಟು ಜೋರು ತಿರುಗಿಸ್ತೀರಿ?"

ಜೋರಾಗಿ ತಿರುಗಿಸುವ ವಿಚಾರವಿಲ್ಲ ಅಂದೆ. ಆದರೂ ಒಮ್ಮೆ ನೋಡೇಬಿಡೋಣ ಎಂದು ಅವನು ನನ್ನನ್ನು ಆಟೋದಲ್ಲಿ ಹಿಂದೆ ಕೂಡಿಸಿದ. "ಹಂಗಲ್ರೀ, ಕೂಸು ಹೆಂಗ ಕೂಡ್ತದ ಹಂಗ ಕೂಡ್ರಿ," ಅಂದ. ನಾನು ಬೆನ್ನು ಹಿಂದಕ್ಕೆ ಚೆಲ್ಲಿ, ಮೊಣಕಾಲು ಮೇಲಕ್ಕೆತ್ತಿ, ತಲೆಯನ್ನು ಒಂದು ಬದಿಗೆ ವಾಲಿಸಿ ಸ್ಟೇಷನ್ ರಸ್ತೆಯಲ್ಲಿ ಹೋಗಿ ಬಂದೆ. ಪ್ರತಿ ತಗ್ಗಿಗೂ ಅವನು ಹಿಂದೆ ತಿರುಗಿ, "ಹೆಂಗನಿಸ್ತು?" ಎಂದು ಕೇಳುತ್ತಿದ್ದ. ಅಕ್ಕಿ ಗಿರಣಿಯ ಮುಂದೆ ಪರಿಚಯದವರೊಬ್ಬರು ನನ್ನನ್ನು ಕಂಡು, ಯಾವ ದವಾಖಾನೆಗೆ ಒಯ್ಯುತ್ತಿದ್ದೀಯೆಂದು ಮಹಬೂಬನನ್ನು ವಿಚಾರಿಸಿದರು. ಅವತ್ತು ಸಂಜೆ ಇಬ್ಬರು ಮನೆಗೆ ಬಂದು ನನ್ನ ಆರೋಗ್ಯ ಕೇಳಿಕೊಂಡು ಹೋದರು. ಈರಮ್ಮ ಇಬ್ಬರಿಗೂ ತುಂಬು ಲೋಟ ಚಹಾ ಕೊಟ್ಟಳು.

ಬಜಾರದ ಮೂರು ಅಂಗಡಿ ತಿರುಗಿ, ಕೊನೆಗೆ ಒಬ್ಬ ಹೆಣ್ಣುಮಗಳ ಅಂಗಡಿಯಲ್ಲಿ ನಿಂತೆ. ಬೇರೆ ಅಂಗಡಿಯವರು ಬಣ್ಣ ತೋರಿಸುತ್ತಿದ್ದರು, ಈಕೆ ಬ್ರೇಕು ತೋರಿಸಿದಳು. ನಾನು ಪರೀಕ್ಷೆಗೆ ಸಿದ್ಧನಾಗಿಯೇ ಹೋಗಿದ್ದೆ: ಚೀಲದಲ್ಲಿ ಕೂಸಿನ ತೂಕದಷ್ಟು ಸೋನಾಮಸೂರಿ ಅಕ್ಕಿ, ಒಂದು ಸ್ಟೀಲಿನ ಲೋಟ. ಅಕ್ಕಿಯನ್ನು ಗಾಡಿಯಲ್ಲಿ ಮಲಗಿಸಿ, ಪಟ್ಟಿ ಬಿಗಿದು, ಅದರ ಮೇಲೆ ಅಂಚಿನ ತನಕ ನೀರು ತುಂಬಿದ ಲೋಟ ಇಟ್ಟೆ. ಮಟ್ಟ ನೋಡಲು ನೀರಿಗಿಂತ ಒಳ್ಳೆಯ ಉಪಕರಣ ಇನ್ನೊಂದಿಲ್ಲ.

"ಕಾಕಾ, ಗಾಡಿ ಕೂಸಿಗೋ ಅಕ್ಕಿಗೋ?" ಎಂದು ಆಕೆ ಕೇಳಿದಳು.

ನಾನು ನಾಲ್ಕು ಗಾಲಿಯದನ್ನು ದೂಡಿದೆ. ನೀರು ಚೆಲ್ಲಿತು. ಇದರಿಂದ ನನಗೆ ಸಂತೋಷವಾಯಿತು. ಮೂರು ಗಾಲಿಯದನ್ನು ದೂಡಿದೆ. ಅದೂ ಚೆಲ್ಲಿತು. "ತಡೀರಿ, ನಾ ದೂಡ್ತೀನಿ," ಎಂದು ಆಕೆ ಲೋಟವನ್ನು ಮತ್ತೆ ತುಂಬಿ, ಅದೇ ಮೂರು ಗಾಲಿಯದನ್ನು ಅಂಗಡಿಯ ಮೆಟ್ಟಿಲಿನಿಂದ ಗಟಾರದ ಕಲ್ಲಿನ ತನಕ ದೂಡಿಕೊಂಡು ಹೋಗಿ ಬಂದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ನಾಲ್ಕು ಗಾಲಿಯದನ್ನೂ ದೂಡಿದಳು. ಆಗಲೂ ಬೀಳಲಿಲ್ಲ.

ಹನ್ನೊಂದು ದಿನದ ಸಂಶೋಧನೆಯ ಫಲ ಇಷ್ಟು: ಗಾಡಿಗಳಲ್ಲಿ ದೋಷವಿಲ್ಲ. ನಾನು ಲೋಟದಲ್ಲಿ ಉಳಿದಿದ್ದ ನೀರು ಕುಡಿದೆ. ಆಕೆ ನನ್ನ ಕೈಯನ್ನು ನೋಡಿದಳು, ನೋಡಿಲ್ಲವೆಂಬಂತೆ ಮೂರು ಗಾಲಿಯದರ ಹಿಡಿಕೆಗೆ ಕಟ್ಟಿದ ಪಟ್ಟಿಯನ್ನು ನನ್ನ ಮಣಿಕಟ್ಟಿಗೆ ಹಾಕಿ ತೋರಿಸಿದಳು. "ಕೈ ಬಿಟ್ರೂ ಗಾಡಿ ಬಿಡಂಗಿಲ್ರೀ ಕಾಕಾ." ಅದನ್ನೇ ಕಟ್ಟಿಸಿಕೊಂಡು ಬಂದೆ.

ಗಾಡಿ ಮನೆಗೆ ಬಂದ ಮೇಲೆ ಹೊಸ ತೊಂದರೆ ಶುರುವಾಯಿತು. ನಮ್ಮ ಓಣಿಯಲ್ಲಿ ಎಚ್ಚರವಿರುವ ಕೂಸು ಗಾಡಿಯಲ್ಲಿ ಕೂತು ಹೋಗುವುದನ್ನು ಯಾರೂ ಸಹಿಸುವುದಿಲ್ಲ. ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎದುರು ಮನೆಯ ಸಿದ್ದಮ್ಮ, "ಯವ್ವಾ, ಎತ್ಕೊಳ್ಳಾಕ ಮನ್ಯಾಗ ಯಾರಿಗೂ ಕೈ ಇಲ್ಲೇನು?" ಎನ್ನುತ್ತಾ ಪಟ್ಟಿ ಬಿಚ್ಚಿ ಕೂಸನ್ನು ಕಂಕುಳಿಗೆ ಹಾಕಿಕೊಂಡಳು. ಆಕೆಯಿಂದ ಮುಂದಿನ ಮನೆಯವರಿಗೆ, ಅವರಿಂದ ಹಿಟ್ಟಿನ ಗಿರಣಿಯವರಿಗೆ. ಬೇವಿನ ಗಿಡದ ತನಕ ಮೊಮ್ಮಗಳು ಕೈಯಿಂದ ಕೈಗೆ ಹೋಗಿ ಬಂದಳು. ನಾನು ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು, ಬರಿದಾದ ಗಾಡಿಯನ್ನು ದೂಡುತ್ತಾ ಹಿಂದೆ ಹೋಗಿ ಬಂದೆ. ಮಾರನೆಯ ದಿನವೂ ಹೀಗೇ, ಅದರ ಮಾರನೆಯ ದಿನವೂ ಹೀಗೇ. ಸಿದ್ದಮ್ಮನ ಮಾತು ಮಾತ್ರ ನನ್ನಲ್ಲೇ ಉಳಿದುಕೊಂಡಿತು. ಕೈ ಇಲ್ಲವೇ ಎಂದು ಆಕೆ ಸುಮ್ಮನೆ ಕೇಳಿದ್ದಳು, ಉತ್ತರ ನನಗೊಬ್ಬನಿಗೇ ಗೊತ್ತಿತ್ತು.

ದೇವದುರ್ಗಕ್ಕೆ ಕಳಿಸಲು ನಾಲ್ಕು ದಿನ ಉಳಿದಿತ್ತು. ಬೆಳಗಿನ ಹೊತ್ತು, ಸುಧಾ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋಗಿದ್ದಳು. ಈರಮ್ಮ ರೊಟ್ಟಿ ತಟ್ಟುತ್ತಿದ್ದಳು, ಕೈ ತುಂಬ ಹಿಟ್ಟು. ಗಾಡಿಯಲ್ಲಿ ಮಲಗಿಸಿದ್ದ ಕೂಸು ಅಳಲು ಶುರು ಮಾಡಿತು. ನಾನು ಫೋನು ಹುಡುಕಿದೆ. ಅದು ಕೈಗೆ ಸಿಗಲಿಲ್ಲ.

"ಗಾಡಿ ಹಿಡೀರಿ," ಎಂದು ಈರಮ್ಮ ಒಲೆಯ ಕಡೆಯಿಂದಲೇ ಅಂದಳು.

ಹಿಡಿದೆ. ಹಿಡಿದೆ ಅಷ್ಟೇ, ದೂಡಲಿಲ್ಲ. ಬಲಗೈ ಅದರ ಪಾಡಿಗೆ ನಡುಗಿತು, ಹಿಡಿಕೆ ನಡುಗಿತು, ಗಾಡಿಯ ಉದ್ದಕ್ಕೂ ಸಣ್ಣದೊಂದು ಅಲುಗಾಟ ಹರಿಯಿತು, ಅಂಗಡಿಯಲ್ಲಿ ಲೋಟದ ನೀರಿಗೆ ಆದ ಹಾಗೆ. ಕೂಸು ಅಳು ನಿಲ್ಲಿಸಿ ನನ್ನನ್ನು ನೋಡಿತು. ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ನಿಧಾನ ಮುಚ್ಚಿತು. ಹೆಂಗಸರು ಹಾಡಿ, ತೂಗಿ, ತಟ್ಟಿ ಅರ್ಧ ತಾಸಿಗೆ ಮಾಡುವ ಕೆಲಸವನ್ನು ಈ ಕೈ ನನ್ನನ್ನು ಒಂದು ಮಾತೂ ಕೇಳದೆ ಎರಡು ನಿಮಿಷದಲ್ಲಿ ಮಾಡಿ ಮುಗಿಸಿತ್ತು.

ಆಮೇಲೆ ಗಾಡಿಯನ್ನು ಹೊಸ್ತಿಲು ಇಳಿಸಿದೆ. ಸಿದ್ದಮ್ಮ ಎದ್ದು ಬಂದಳು, ಒಳಗೆ ಇಣುಕಿದಳು, "ಮಲಗ್ಯದ," ಎಂದು ಪಿಸುಗುಟ್ಟಿ ಹಿಂದೆ ಸರಿದಳು. ಮಲಗಿದ ಕೂಸನ್ನು ನಮ್ಮ ಓಣಿಯಲ್ಲಿ ಯಾರೂ ಮುಟ್ಟುವುದಿಲ್ಲ. ಹಿಟ್ಟಿನ ಗಿರಣಿಯವರು ಕೈಯೆತ್ತಿ ಹೋಗಿರೆಂದು ಸನ್ನೆ ಮಾಡಿದರು. ಬೇವಿನ ಗಿಡದ ನೆರಳಿನಲ್ಲಿ ನಾನು, ನನ್ನ ಮೊಮ್ಮಗಳು, ಮೂರು ಗಾಲಿ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಜೀವಮಾನವೆಲ್ಲ ಅಳೆದವನು ಅವತ್ತು ಏನನ್ನೂ ಅಳೆಯಲಿಲ್ಲ. ಉಳಿದ ಮೂರು ದಿನವೂ ಹೋದೆವು.

ತೊಟ್ಟಿಲು, ಕೌದಿ, ಗಾಡಿ ಎಲ್ಲವೂ ದೇವದುರ್ಗಕ್ಕೆ ಹೋದವು. ಗಿಳಿಗಳನ್ನು ಎಲ್ಲರೂ ಹೊಗಳಿದರಂತೆ. ಐದನೇ ದಿನ ಸಂಜೆ ಅಳಿಯನ ಫೋನು ಬಂತು. ನಿಜವಾದ ಫೋನು.

"ಮಾವಾರ, ಆ ಗಾಡ್ಯಾಗ ನೀವು ಕೂಸಿನ್ನ ಹೆಂಗ ಮಲಗಿಸ್ತಿದ್ರಿ? ಇಲ್ಲಿ ಮಲಗವಲ್ದು. ಮುಂದ ದೂಡಿದೆ, ಹಿಂದ ದೂಡಿದೆ, ಸಾಲಿ ಸುತ್ತ ತಿರುಗಿಸಿದೆ. ಅವ್ವ ಹಾಡಿದ್ಲು. ಏನರ ಬಟನ್ ಐತೇನ್ರೀ ಇದಕ್ಕ?"

ಒಂದೂವರೆ ತಾಸಿನಲ್ಲಿ ಆರಿಸಿದರೂ ಹುಡುಗನ ಆಯ್ಕೆ ತಪ್ಪಾಗಿಲ್ಲವೆಂದು ಆಗ ಅನ್ನಿಸಿತು. ವಿಜ್ಞಾನದ ಮಾಸ್ತರ, ಎಲ್ಲವನ್ನೂ ಪರೀಕ್ಷಿಸಿಯೇ ಕೇಳುತ್ತಿದ್ದಾನೆ. "ಫೋನಿನ್ಯಾಗ ಹೇಳಾಕ ಬರಂಗಿಲ್ಲಪಾ," ಅಂದೆ. "ನಾಳಿ ಮುಂಜಾನೆ ಬಸ್ಸಿಗೆ ಬರ್ತೀನಿ."

ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಟೆ. ನಾನು ಊರಿಗೆ ಹೊರಟಾಗಲೆಲ್ಲ ಈರಮ್ಮ ಬಾಗಿಲಲ್ಲಿ ನಿಂತು ಒಂದೊಂದೇ ಕೇಳುತ್ತಾಳೆ, ಏನಾದರೊಂದು ಮರೆತೇ ಹೋಗುತ್ತೇನೆಂದು ಅವಳ ನಂಬಿಕೆ.

"ಚಾಳೀಸು?"

"ತಗೊಂಡೀನಿ."

"ಗುಳಿಗಿ?"

"ತಗೊಂಡೀನಿ."

ಅವಳು ಅರ್ಧ ಲೋಟ ಚಹಾ ಕೊಟ್ಟು, ನಾನು ಕುಡಿಯುವ ತನಕ ಅಲ್ಲೇ ನಿಂತಳು. ಬರಿದಾದ ಲೋಟ ತೆಗೆದುಕೊಳ್ಳುತ್ತಾ ಕೇಳಿದಳು:

"ಕೈ?"

ನಾನು ಕಿಸೆಯಿಂದ ತೆಗೆದು ತೋರಿಸಿದೆ.